ಹುಳಕ್ಕೆ ಸೊಪ್ಪು, ಅವಳಿಗೆ ಮಾತ್ರೆ

ನಮ್ಮೂರಲ್ಲಿ ಇವತ್ತಿಗೂ ಅವಳು ಲಕ್ವ ಹೊಡೆದು ಸತ್ತಳು ಅಂತಲೇ ಹೇಳುತ್ತಾರೆ. ಸುಳ್ಳು. ಅವಳಿಗೆ ಲಕ್ವ ಹೊಡೆಯಲಿಲ್ಲ. ಮಾತ್ರೆ ಬಿಟ್ಟಳು, ಸತ್ತಳು. ನಡೆದದ್ದು ಇಷ್ಟೆ. ಮಿಕ್ಕಿದ್ದೆಲ್ಲ ಜಗಲಿ ಮೇಲೆ ಕೂತವರು ಹೆಣೆದದ್ದು.

ಹೆಸರು ಬರೆಯಲ್ಲ. ಅವಳ ಮೊಮ್ಮಕ್ಕಳು ಓದಿಕೊಂಡವ್ರೆ, ಅವರ ಅಜ್ಜಿ ಹೆಸರು ನನ್ನ ಕೈಲಿ ಯಾಕೆ. ಕೋಡಿಹಳ್ಳಿ ಕಡೆ ನಮ್ಮೂರು. ಅವಳ ಮನೆಗೂ ನಮ್ಮ ಮನೆಗೂ ಮಧ್ಯ ಒಂದೇ ಗೋಡೆ. ಅವಳು ಒರಳಲ್ಲಿ ಖಾರ ರುಬ್ಬಿದರೆ ನಮ್ಮ ಮನೇಲಿ ಕೆಮ್ಮೋರು. ಇಬ್ಬರ ಮನೇಲೂ ರೇಷ್ಮೆ ಹುಳ ಸಾಕುತ್ತಿದ್ವಿ. ನನ್ನನ್ನ ಅಕ್ಕ ಅನ್ನೋಳು. ಬಂಧುವಲ್ಲ, ಬಳಗವಲ್ಲ, ಬರೀ ಪಕ್ಕದ ಮನೆ.

ಊರಲ್ಲಿ ಯಾರ ಮನೆ ಮದುವೆಯಾದರೂ ಸೋಬಾನೆಗೆ ಅವಳೇ. ಮುಂದೆ ಹೇಳೋಳು ಅವಳು, ಹಿಂದೆ ಸೊಲ್ಲು ಹಿಡಿಯೋಳು ನಾನು. ನನ್ನ ಗಂಟಲು ಏನೂ ಚೆಂದಿಲ್ಲ, ಆದರೆ ಉಸಿರು ಗಟ್ಟಿ. ಅವಳದ್ದು ಹಂಗಲ್ಲ. ಚಪ್ಪರದ ಕೆಳಗೆ ಅವಳು ಬಾಯಿ ತೆರೆದರೆ ಅಡುಗೆ ಒಲೆ ಹತ್ತಿರ ಇದ್ದವರು ಸೌಟು ಹಿಡಿದುಕೊಂಡೇ ಬಂದು ನಿಲ್ಲೋರು. ನಾಲಿಗೆಯೂ ಹಂಗೇ ಹರಿತ. ಒಂದು ಮದುವೇಲಿ ಗಂಡಿನ ತಾಯಿ ಹಪ್ಪಳ ಸಾಲದು ಅಂತ ಮೂತಿ ತಿರುಗಿಸಿದಳು. ಇವಳು ಅಲ್ಲೇ, ಆ ಗಳಿಗೆಯಲ್ಲೇ, ಬೀಗಿತ್ತಿ ಮೂತಿಯ ಮೇಲೊಂದು ಪದ ಕಟ್ಟಿ ಹೇಳಿದಳು. ಗಂಡಿನ ಕಡೆಯವರೇ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಬೀಗಿತ್ತಿ ಹಪ್ಪಳದ ಮಾತೆತ್ತಲಿಲ್ಲ.

ಚೆಲುವೆ. ಅದು ಅವಳಿಗೂ ಗೊತ್ತಿತ್ತು. ಕಾಸಗಲ ಕುಂಕುಮ, ತುರುಬಿಗೆ ಕನಕಾಂಬರ. ಸೊಪ್ಪು ಕುಯ್ಯೋಕೆ ಹೊಲಕ್ಕೆ ಹೋಗುವಾಗಲೂ ಒಂದು ಸಲ ಕನ್ನಡಿ ನೋಡಿಯೇ ಹೋಗೋಳು. "ಹಿಪ್ಪುನೇರಳೆ ಗಿಡ ನಿನ್ನ ನೋಡಾಕೆ ಕಾಯ್ತಾ ಕುಂತೈತಾ?" ಅಂತ ನಾನು ಕೇಳಿದರೆ, "ಕಾಯ್ಲಿ ಬುಡಕ್ಕ, ನಿನ್ನ ನೋಡಿ ಬಾಡೋಗದಕ್ಕಿಂತ ವಾಸಿ" ಅನ್ನೋಳು.

ಕಾಯಿಲೆ ಮೊದಲು ಬಂದದ್ದು ಅವಳ ನಗುವಿಗೆ. ಯಾರಿಗೂ ಗೊತ್ತಾಗಲಿಲ್ಲ. ನಗೋಕೆ ಹೋದರೆ ತುಟಿ ಮೇಲೇಳದು, ಬದಿಗೆ ಸೊಟ್ಟಗಾಗಿ ಹಲ್ಲು ಕಿರಿದಂಗೆ ಕಾಣೋದು. ಅವಳ ಅತ್ತೆ ಆಗ ಬದುಕಿತ್ತು. "ನೋಡವ್ವ, ನಾನು ಮಾತಾಡುದ್ರೆ ನನ್ನ ಸೊಸೆ ಹಲ್ಲು ಕಚ್ತಾಳೆ" ಅಂತ ಬೀದಿಯೆಲ್ಲ ಹೇಳಿಕೊಂಡು ಬಂತು. ಆಮೇಲೆ ಕಣ್ಣು. ಎಡಗಣ್ಣಿನ ರೆಪ್ಪೆ ಹೊತ್ತು ಇಳಿದಂಗೆ ಇಳಿಯೋದು. ತಲೆ ಹಿಂದಕ್ಕೆ ಹಾಕಿ, ಕೋಳಿ ನೀರು ಕುಡಿಯೋ ಹಾಗೆ ಗದ್ದ ಎತ್ತಿ ನೋಡೋಳು. ಜನ ಅದಕ್ಕೂ ಹೆಸರಿಟ್ಟರು, ಇವಳಿಗೆ ಕೊಬ್ಬು ಅಂತ.

ಬೆಳಿಗ್ಗೆ ಎದ್ದಾಗ ಏನೂ ಇಲ್ಲ. ಸೊಪ್ಪಿನ ಹೊರೆ ತಲೆ ಮೇಲೆ ಹೊತ್ತು ನನಗಿಂತ ಮುಂದೆ ನಡೆಯೋಳು. ಮಧ್ಯಾಹ್ನ ಕಳೆದರೆ ಸೀರೆ ನೆರಿಗೆ ಸಿಕ್ಕಿಸೋಕೂ ಬೆರಳಲ್ಲಿ ಬಲ ಇಲ್ಲ. ಸಂಜೆ ಮುದ್ದೆ ನುಂಗುವಾಗ ಗದ್ದಕ್ಕೆ ಕೈ ಕೊಟ್ಟು ಬಾಯಿ ಮುಚ್ಚಿಕೊಳ್ಳೋಳು. ಅತ್ತೆ, "ಬೆಳಿಗ್ಗೆ ಎತ್ತು, ಸಂಜೆ ಗೊಡ್ಡೆಮ್ಮೆ. ಪಾತ್ರೆ ತೊಳ್ಯೋ ಹೊತ್ತಿಗೆ ಸರ್ಯಾಗಿ ಬತ್ತದೆ ಇವ್ಳ ಕಾಯ್ಲೆ" ಅಂತ ಅಣಕಿಸೋದು. ನೀನೂ ತಿರುಗಿಸಿ ಕೊಡು ಅಂತ ನಾನು ರೇಗುತ್ತಿದ್ದೆ. ಬೀಗಿತ್ತಿಯರ ಬಾಯಿ ಮುಚ್ಚಿಸಿದ ನಾಲಿಗೆ, ಸ್ವಂತಕ್ಕೆ ಬಂದಾಗ ಒಂದೇ ಮಾತು: "ಆಯ್ತು ಬುಡಕ್ಕ."

ಆ ಮಾತು ಕೇಳಿದರೆ ನನಗೆ ಮೈ ಉರಿಯೋದು. ಈಗಲೂ ಉರಿಯುತ್ತೆ.

ತಾಯತ ಕಟ್ಟಿಸಿದ್ರು. ದೃಷ್ಟಿ ತೆಗೆಸಿದ್ರು. ಕನಕಪುರದ ಡಾಕ್ಟರ ಹತ್ರ ನಾನೇ ಕರಕೊಂಡು ಹೋದೆ, ಒಂದು ಸಲವಲ್ಲ, ಹಲವು ಸಲ. ನಾವು ಆಸ್ಪತ್ರೆಗೆ ಹೋಗೋದು ಹೆಂಗೆ? ಮೊದಲನೇ ಬಸ್ಸಿಗೆ. ಹುಳಕ್ಕೆ ಸೊಪ್ಪು ಹಾಕಿ, ಬಸ್ಸು ಹತ್ತಿ, ಮಧ್ಯಾಹ್ನದ ಸೊಪ್ಪಿನ ಹೊತ್ತಿಗೆ ವಾಪಸ್ಸು ಬಂದುಬಿಡಬೇಕು. ಬಸ್ಸಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡೋಳು. ಇಳಿಯೋ ಹೊತ್ತಿಗೆ ಕಣ್ಣು ಅರಳಿದ ಹೂವು. ಡಾಕ್ಟರು ನೋಡಿ, "ಚೆನ್ನಾಗಿದ್ದೀರಲ್ಲಮ್ಮ, ಒಸಿ ರಕ್ತ ಕಮ್ಮಿ ಅಷ್ಟೆ" ಅಂತ ಒಂದು ಸೂಜಿ ಹಾಕಿ, ಟಾನಿಕ್ ಬರೆದು ಕಳಿಸೋರು. ಅವರೇನು ಮಾಡ್ಯಾರು? ನಾವು ಕಾಯಿಲೆಯನ್ನ ಮನೇಲಿ ಮಲಗಿಸಿ ಅವಳನ್ನ ಮಾತ್ರ ಕರಕೊಂಡು ಹೋಗುತ್ತಿದ್ವಿ. ಅವರು ಕೇಳಿದ್ದಕ್ಕೆಲ್ಲ ಇವಳು, "ಏನಿಲ್ಲ ಸ್ವಾಮಿ, ಚೆಂದಾಗಿವ್ನಿ." ಆಚೆ ಬಂದ ಮೇಲೆ ನಾನು ಬೈದೆ.

"ಏನಿಲ್ಲ ಅನ್ನಾಕೆ ಇಲ್ಲಿಗಂಟ ಬಂದ್ಯಾ? ಅದ್ನ ಮನೇಲೇ ಅನ್ಬಹುದಿತ್ತಲ್ಲ ಕಣಮ್ಮಿ."

"ದೊಡ್ಡೋರ ಮುಂದೆ ನರಳಾಕಾಯ್ತದಾ? ಆಯ್ತು ಬುಡಕ್ಕ."

ಕೊನೆಗೆ ಒಂದು ದಿನ ನೀರು ಕುಡಿದರೆ ಮೂಗಲ್ಲಿ ಬಂತು. ಆಗ ಅವಳ ಮಗ ಹೆದರಿದ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಂಡು ಹೋದ್ವಿ. ಅಲ್ಲಿ ಒಬ್ಬರು ಡಾಕ್ಟ್ರಮ್ಮ, ನನ್ನ ಮಗಳ ವಯಸ್ಸು. ನಿಧಾನಸ್ಥೆ. "ಮೇಲೆ ನೋಡಿ, ಕಣ್ಣು ಕೆಳಗೆ ಇಳಿಸಬೇಡಿ" ಅಂದರು. ನೋಡಿದಳು. ಆಮೇಲೆ, "ಒಂದರಿಂದ ಐವತ್ತರವರೆಗೆ ಜೋರಾಗಿ ಎಣಿಸಿ" ಅಂದರು.

ಇವಳಿಗೆ ಇಪ್ಪತ್ತರ ಮುಂದೆ ಎಣಿಕೆ ಬರದು. ಇಪ್ಪತ್ತು ಆದ ಮೇಲೆ ಒಂದು ಕಲ್ಲು ಎತ್ತಿಟ್ಟು ಮತ್ತೆ ಒಂದರಿಂದ ಶುರು ಮಾಡೋಳು ಅವಳು. ನಾಚಿಕೊಂಡು ತಲೆ ತಗ್ಗಿಸಿದಳು.

"ಎಣಿಸೋಕೆ ಬರಲ್ಲ ಕಣವ್ವ," ನಾನು ಅಂದೆ, "ಹಾಡು ಹೇಳು ಅಂದ್ರೆ ಹೊತ್ತು ಮುಳುಗೋಗಂಟ ಹೇಳ್ತಾಳೆ."

"ಹಾಡೇ ಹೇಳಿ," ಅಂದರು ಡಾಕ್ಟ್ರಮ್ಮ. ನಗಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

ಆಸ್ಪತ್ರೆ ಕೋಣೆಯೊಳಗೆ ಸೋಬಾನೆ. ಹೊರಗಿದ್ದ ನರ್ಸುಗಳು ಇಣುಕಿದರು. ಮೊದಲನೇ ಸೊಲ್ಲು ಗಂಟೆ ಹೊಡೆದಂಗೆ ಬಂತು. ಎರಡನೆಯದೂ ಚೆಂದ. ನನಗೆ ಅಭ್ಯಾಸ, ಹಿಂದೆ ಸೊಲ್ಲು ಹಿಡಿಯೋಕೆ ಬಾಯಿ ತೆರೆದೆ. "ನೀವು ಸುಮ್ಮನಿರಿ ಅಜ್ಜಿ" ಅಂತ ಡಾಕ್ಟ್ರಮ್ಮ ಕೈ ಅಡ್ಡ ಮಾಡಿದರು. ಅವಳು ಒಬ್ಬಳೇ ಹೇಳಿದಳು. ಹೋಗ್ತಾ ಹೋಗ್ತಾ ಮಾತು ಮೂಗಿಗೆ ಇಳಿಯಿತು. ಪದ ಕಲಸಿಕೊಂಡವು. ರೆಪ್ಪೆ ಜೋತು ಬಿತ್ತು. ಕೊನೆಗೆ ಗಾಳಿ ಮಾತ್ರ, ಸ್ವರ ಇಲ್ಲ. ಅವಳು ಬೆರಳಿಂದ ರೆಪ್ಪೆ ಎತ್ತಿ ಹಿಡಿದು ಡಾಕ್ಟ್ರಮ್ಮನನ್ನ ನೋಡಿದಳು. ಅವತ್ತೇ ನೋಡು, ಮೊದಲನೇ ಸಲ ಅವಳ ಕಾಯಿಲೆ ಡಾಕ್ಟರ ಎದುರಿಗೆ ಬಂದದ್ದು.

ರಕ್ತ ಗಿಕ್ತ ಎಲ್ಲ ಪರೀಕ್ಷೆ ಆದ ಮೇಲೆ ನಮ್ಮನ್ನ ಕೂರಿಸಿಕೊಂಡು ಹೇಳಿದರು. ನಮಗೆ ಅರ್ಥವಾಗೋ ಹಾಗೆ ಹೇಳಿದರು. "ಮನೆ ಕಾಯೋಕೆ ನಾಯಿ ಸಾಕಿರ್ತೀರಲ್ಲ, ಅದು ಕಳ್ಳರನ್ನ ಬಿಟ್ಟು ಮನೆಯವರನ್ನೇ ಕಚ್ಚಿದ್ರೆ ಹೇಗೆ? ಹಾಗಾಗಿದೆ. ಮೈ ಕಾಯಬೇಕಾದ್ದು ಮೈಯನ್ನೇ ಕಚ್ತಾ ಇದೆ. ನರ ಹೇಳಿದ್ದು ಮಾಂಸಖಂಡಕ್ಕೆ ಕೇಳಿಸ್ತಿಲ್ಲ."

"ಆ ನಾಯ್ನ ಒಡ್ದಾಕಕ್ಕೆ ಔಸ್ದಿ ಇಲ್ವಾ?" ಇವಳು ಕೇಳಿದಳು.

"ಹೊಡೆದ್ರೆ ಮನೆ ಕಾಯೋರು ಯಾರು? ಕಟ್ಟಿ ಹಾಕಬೇಕು. ಒಂದು ಮಾತ್ರೆ ಹಗ್ಗ ಇದ್ದಂಗೆ. ದಿನಾ ಬೆಳಿಗ್ಗೆ. ಇನ್ನೊಂದು ಆ ಹೊತ್ತಿಗೆ ಬಲ ಕೊಡುತ್ತೆ, ಅದು ದಿನಕ್ಕೆ ನಾಲ್ಕು ಸಲ. ವರ್ಷಗಟ್ಟಲೆ ತಗೋಬೇಕು. ಹಗ್ಗ ಸಡಿಲ ಮಾಡೋದು ನಾವು, ನಿಧಾನಕ್ಕೆ. ನೀವಾಗಿ ಬಿಚ್ಚಬಾರದು."

ಅವತ್ತಿಂದ ನಮ್ಮ ಬಾಯಲ್ಲಿ ಅವು ಹಗ್ಗದ ಮಾತ್ರೆ, ಬಲದ ಮಾತ್ರೆ. ಅದೇ ಸಲ ನನಗೂ ಬೀಪಿ ನೋಡಿ ಒಂದು ಮಾತ್ರೆ ಅಂಟಿಸಿದರು. ಜೊತೆಗೆ ಹೋದ ತಪ್ಪಿಗೆ.

ಗಡಿಯಾರ ನೋಡೋಕೆ ಅವಳಿಗೆ ಬರದು. ನಾಲ್ಕು ಸಲ ಅಂದರೆ ಯಾವಾಗ? ಉಪಾಯ ಮಾಡಿದ್ದು ನಾನೇ. ಹುಳಕ್ಕೆ ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕುತ್ತೀವಿ. ಅದನ್ನ ಯಾರೂ ಮರೆಯಲ್ಲ, ಮರೆತರೆ ಬೆಳೆ ಹೋಗುತ್ತೆ. ಸೊಪ್ಪು ಹಾಕೋಕೆ ಮುಂಚೆ ಮಾತ್ರೆ. ಹುಳದ ಮನೆ ಬಾಗಿಲ ಪಕ್ಕದ ಗೋಡೆ ಗೂಡಲ್ಲಿ ಮಾತ್ರೆ ಡಬ್ಬಿ, ಪಕ್ಕದಲ್ಲಿ ನೀರಿನ ತಂಬಿಗೆ. ನನ್ನ ಮಾತ್ರೆಯೂ ಅಲ್ಲೇ ಇಟ್ಟೆ. ಬೆಳಿಗ್ಗೆ ಇಬ್ಬರೂ ಅಲ್ಲಿ ನಿಂತು, ತಲೆ ಹಿಂದಕ್ಕೆ ಹಾಕಿ ನುಂಗೋದು. ಅವಳು ಅನ್ನೋಳು, "ಇಬ್ರೂವೆ ಹುಳ ಆಗೋದ್ವು ಕಣಕ್ಕ. ಇನ್ನ ಗೂಡು ಕಟ್ಟೋದೊಂದು ಬಾಕಿ."

ಎರಡು ತಿಂಗಳಲ್ಲಿ ನಕ್ಕಳು. ನೆಟ್ಟಗೆ, ತುಟಿ ಎರಡೂ ಕಡೆ ಮೇಲೆದ್ದು. ಅದನ್ನ ನೋಡೋಕೆ ಅವಳ ಅತ್ತೆ ಇರಲಿಲ್ಲ, ಆ ವರ್ಷವೇ ಹೋಗಿತ್ತು.

ಆದರೆ ತಿಂಗಳಿಗೆ ಮೂರು ನಾಲ್ಕು ಸಲ, ಯಾಕೋ, ಮಕಾಡೆ ಬೀಳೋಳು. ರೆಪ್ಪೆ ಇಳಿದು, ಕತ್ತು ನಿಲ್ಲದೆ ಗೋಡೆಗೆ ಒರಗಿ ಕೂರೋಳು. ಒಂದೆರಡು ದಿನಕ್ಕೆ ಸರಿ ಹೋಗೋಳು. ಡಾಕ್ಟ್ರಮ್ಮ ಕೇಳಿದರೆ, "ತಪ್ಪದಂಗೆ ನುಂಗ್ತೀನಿ" ಅಂತ ದೇವರ ಮೇಲೆ ಆಣೆ. ಮಾತ್ರೆ ಜಾಸ್ತಿ ಮಾಡಿದರು. ಮತ್ತೆ ಅದೇ.

ಒಂದು ದಿನ ನೋಡುತ್ತೀನಿ, ಹುಳ ಜ್ವರಕ್ಕೆ ಕೂತಿವೆ. ಹುಳ ಪೊರೆ ಬಿಡೋ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲುಗದೆ ಕೂರುತ್ತವೆ. ಅದನ್ನ ನಮ್ಮ ಕಡೆ ಜ್ವರಕ್ಕೆ ಕೂರೋದು ಅನ್ನುತ್ತೀವಿ. ಆಗ ಸೊಪ್ಪು ಹಾಕೋ ಹಾಗಿಲ್ಲ, ತಟ್ಟೆ ಮುಟ್ಟೋ ಹಾಗಿಲ್ಲ. ಇವಳು ಮನೇಲಿ ಕತ್ತು ಜೋತು ಹಾಕಿ ಕೂತವಳೆ.

"ಬೆಳಿಗ್ಗೆ ಮಾತ್ರೆ ನುಂಗ್ದಾ?"

"ಇಲ್ವಲ್ಲ. ಇವತ್ತು ಸೊಪ್ಪಿಲ್ಲ."

"ಸೊಪ್ಪಿಲ್ದಿದ್ರೆ ಏನಾಯ್ತು?"

"ನೀನೇ ಅಲ್ವಾ ಯೋಳಿದ್ದು, ಸೊಪ್ಪು ಹಾಕಾಕೆ ಮುಂಚೆ ನುಂಗು ಅಂತ. ಸೊಪ್ಪು ಹಾಕ್ದಿದ್ಮೇಲೆ ಯಾವಾಗ ನುಂಗ್ಲಿ?"

ನನಗೆ ನಗು ಬಂತಾ ಸಿಟ್ಟು ಬಂತಾ ಗೊತ್ತಿಲ್ಲ. ಇಷ್ಟು ದಿನ ಹುಳ ಉಪವಾಸ ಕೂತಾಗೆಲ್ಲ ಇವಳೂ ಮಾತ್ರೆ ಉಪವಾಸ. ಅಂಥ ದಿನ ನಾನು ಒಬ್ಬಳೇ ನನ್ನದು ನುಂಗಿ ನನ್ನ ಮನೆ ಹುಳದ ಹತ್ತಿರ ಓಡುತ್ತಿದ್ದೆ, ಅವಳು ಆಗಲೇ ನುಂಗಿರ್ತಾಳೆ ಅಂದುಕೊಂಡು. "ಹುಳ ಎದ್ದರೂ ನುಂಗು, ಮಲಗಿದರೂ ನುಂಗು, ಸತ್ತರೂ ನುಂಗು" ಅಂತ ಕೂಗಿದೆ. ಬೀದಿಯೆಲ್ಲ ಬಂದು ನೋಡಿತು. "ಆಯ್ತು ಬುಡಕ್ಕ" ಅಂದಳು. ಆಮೇಲೆ ಜ್ವರದ ದಿನ ನಾನೇ ಹೋಗಿ ಎದುರಿಗೆ ನಿಂತು ನುಂಗಿಸುತ್ತಿದ್ದೆ. ಬೀಳೋದು ನಿಂತಿತು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹಗ್ಗದ ಮಾತ್ರೆ ಮೈ ಉಬ್ಬಿಸುತ್ತೆ. ವರ್ಷ ಕಳೆಯೋದರೊಳಗೆ ಅವಳ ಮುಖ ಚನ್ನಪಟ್ಟಣದ ಬೊಂಬೆ ತರ ದುಂಡಗಾಯಿತು. ಗದ್ದ ಎಲ್ಲಿ ಮುಗಿಯಿತು, ಕತ್ತು ಎಲ್ಲಿ ಶುರುವಾಯಿತು ತಿಳಿಯದು. ಜನ ನೋಡಿ ಏನಂದರು? "ಮೈಕೈ ತುಂಬ್ಕೊಂಡವ್ಳೆ. ಉಣ್ಣಾಕೆ ಕಾಯ್ಲೆ ಇಲ್ಲ, ಗೇಯಾಕೆ ಮಾತ್ರ ಕಾಯ್ಲೆ." ಒಣಗಿದ್ದಾಗ ನಂಬಲಿಲ್ಲ, ಉಬ್ಬಿದಾಗಲೂ ನಂಬಲಿಲ್ಲ. ರಾಮನಗರದ ಗೂಡು ಮಾರ್ಕೆಟ್ಟಿಗೆ ಮಗನ ಜೊತೆ ನಾವಿಬ್ಬರೂ ಹೋಗಿದ್ದಾಗ, ಗೂಡು ಕೊಳ್ಳೋನೊಬ್ಬ, ವರ್ಷಗಳಿಂದ ಕಂಡವನು, "ಏನಮ್ಮೋ, ಗೂಡು ಸಣ್ಣ ಆಯ್ತು, ನೀನು ದಪ್ಪ ಆದೆ" ಅಂದ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಬಸ್ಸಲ್ಲಿ ಊರು ಬರೋವರೆಗೂ ಕಿಟಕಿ ಕಡೆ ತಿರುಗಿ ಕೂತಿದ್ದಳು. ಮಾರನೆಯ ದಿನ ಕನ್ನಡಿ ಮೊಳೆಯಿಂದ ಇಳಿದಿತ್ತು.

"ಉಸಿರಾಡ್ತಾ ಇದೀಯಲ್ಲ, ಮುಖ ಎಂಗಿದ್ರೆ ಏನು?" ಅಂದೆ.

"ನಿನ್ ಮುಖ ಮೊದ್ಲಿಂದ್ಲೂ ಅಂಗೇ ಐತಲ್ಲಕ್ಕ. ನಿಂಗೆ ಗೊತ್ತಾಗಕಿಲ್ಲ."

ಅದು ಅವಳು. ಏಟು ತಿಂದ ದಿನವೂ ತಿರುಗಿ ಕೊಡೋದು ಬಿಡೋಳಲ್ಲ.

ಏಳೆಂಟು ವರ್ಷ ಹಿಂಗೇ ನಡೆಸಿದ್ವಿ. ಬೆಂಗಳೂರಿಗೆ ಹೋಗೋದು, ಕಾಯೋದು, ಡಾಕ್ಟ್ರಮ್ಮ ಹಗ್ಗ ಒಂದು ಗೇಣು ಸಡಿಲಿಸೋದು, ಇವಳಿಗೆ ರೆಪ್ಪೆ ಇಳಿಯೋದು, ಮತ್ತೆ ಬಿಗಿಯೋದು. ವಾಸಿಯಾಗದ, ಸಾಯಿಸದ ಕಾಯಿಲೆಯಷ್ಟು ಬೇಜಾರು ಬೇರೊಂದಿಲ್ಲ. ನೋಡೋಕೆ ಬಂದವರು ಒಂದು ಸಲ ಬಾಳೆಹಣ್ಣು ತರುತ್ತಾರೆ, ಎರಡನೇ ಸಲ ಬರೀ ಕೈ, ಮೂರನೇ ಸಲ ಬರೋದೇ ಇಲ್ಲ.

ಆಮೇಲೆ ಸೋಲೂರು ಕಡೆಯಿಂದ ಅವಳ ಅಣ್ಣ ಬಂದ. ಮಗಳ ಮದುವೆ. ಸೋದರತ್ತೆ ಇವಳು, ಸೋಬಾನೆ ಇವಳೇ ಹೇಳಬೇಕು, ಒಂದು ತಿಂಗಳು ಮುಂಚೆಯೇ ಬಂದಿರು ಅಂತ ಕರೆದುಕೊಂಡು ಹೋದ. ಕಳಿಸುವಾಗ ಮಾತ್ರೆ ಡಬ್ಬಿ ನಾನೇ ಅವಳ ಚೀಲದೊಳಗೆ ಇಟ್ಟೆ. ತಪ್ಪಿಸಬೇಡಿ ಅಂತ ಅವಳ ಅಣ್ಣನಿಗೂ ಹೇಳಿದೆ. ಅವನು ತಲೆಯಾಡಿಸಿದ. ಗಂಡಸರು ತಲೆಯಾಡಿಸಿದರೆ ಕೇಳಿಸಲಿಲ್ಲ ಅಂತ ಅರ್ಥ.

ಮದುವೆ ಹಿಂದಿನ ದಿನ ನಾನು ಸೋಲೂರು ಬಸ್ಸಿಳಿದು ಹೋದೆ, ಸೊಲ್ಲು ಹಿಡಿಯೋಳು ಬೇಕಲ್ಲ. ಚಪ್ಪರದ ಕೆಳಗೆ ಅವಳು ನಿಂತಿದ್ದಳು. ಗದ್ದ ಬಂದಿತ್ತು. ಕೆನ್ನೆ ಇಳಿದಿತ್ತು. ಕಾಸಗಲ ಕುಂಕುಮ, ಕನಕಾಂಬರ. ಎಲ್ಲರೂ ಸುತ್ತ ನಿಂತು, "ನಮ್ಮವ್ವ ಮೊದ್ಲಿನಂಗೆ ಆಗೋದ್ಲು" ಅಂತ ಹೊಗಳೋರು. ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದೆ.

"ಹಗ್ಗದ ಮಾತ್ರೆ ಎಲ್ಲಿ?"

"ಬುಟ್ಟೆ ಕಣಕ್ಕ."

"ಯಾವಾಗ?"

"ಬಂದೋಳೇ ಬುಟ್ಟೆ. ಅಣ್ಣ ಲಕ್ವದ ಔಸ್ದಿ ಕೊಡೋರ ತಾವ ಕರ್ಕೊಂಡೋಗಿದ್ದ. ಪಥ್ಯ. ಇಂಗ್ಲೀಸ್ ಮಾತ್ರೆ ಸೇರಕಿಲ್ಲ ಅಂದ್ರು. ಬಲದ್ದು ಮಾತ್ರ ಕದ್ದು ನುಂಗ್ತಾನೇ ಇವ್ನಿ. ಹಗ್ಗದ್ದೊಂದ ಬುಟ್ಟೆ. ನೋಡು ನನ್ ಮುಖವ."

"ನಿಂಗೆ ಲಕ್ವ ಅಲ್ಲ ಕಣೇ! ನಾಯಿ ಬಿಚ್ಚಿದ್ದೀಯ ಕಣೇ! ಈಗ್ಲೇ ನಡಿ ಬೆಂಗಳೂರಿಗೆ."

"ಸೋದರತ್ತೆ ಇಲ್ದೆ ಧಾರೆ ಆಯ್ತದಾ? ಒಂದ್ ದಿನ. ನಾಳೆ ಧಾರೆ ಆಗ್ಲಿ, ನೀನು ಎಲ್ಲಿಗೆ ಕರೆದ್ರೂ ಬತ್ತೀನಿ. ಈ ಮುಖದಲ್ಲಿ ಒಂದ್ಸಲ ಹಸೆ ಮುಂದೆ ನಿಂತ್ಕೊತೀನಿ. ಆಯ್ತು ಬುಡಕ್ಕ."

ಅವಳ ಅಣ್ಣನ ಹತ್ತಿರ ಹೋದೆ. ಅವನು ಅಡುಗೆಯವರ ಜೊತೆ ಜಗಳದಲ್ಲಿದ್ದ. "ಮದ್ವೆ ಮನೇಲಿ ಅಪಶಕುನ ಮಾತಾಡ್ಬೇಡಿ ಕಣಕ್ಕ. ಕಣ್ಣಲ್ಲಿ ಕಾಣ್ತಾ ಇಲ್ವಾ, ಎಂಗವ್ಳೆ ಅಂತ?" ಅಂದ. ಕಾಣುತ್ತಿತ್ತು. ಅದೇ ಕಷ್ಟ.

ಮಾರನೆಯ ದಿನ ಹಸೆ ಮುಂದೆ ಹೇಳಿದಳು. ಎಷ್ಟೋ ವರ್ಷದ ಮೇಲೆ ಆ ಗಂಟಲು. ನಾನು ಹಿಂದೆ ನಿಂತು ಅವಳ ಬೆನ್ನನ್ನೇ ನೋಡುತ್ತಿದ್ದೆ. ಮೂರನೇ ಹಾಡಿಗೆ ಸೊಲ್ಲಿನ ಕೊನೆ ಮೂಗಿಗೆ ಇಳಿಯಿತು. ಯಾರಿಗೂ ತಿಳಿಯೋಕೆ ಮುಂಚೆ ನಾನು ಹಿಡಿದೆ. ಆಮೇಲೆ ಅರ್ಧ ಸೊಲ್ಲಿಗೇ ಹಿಡಿದೆ. ಕೊನೆಗೆ ಅವಳು ಬರೀ ಬಾಯಿ ಆಡಿಸುತ್ತಿದ್ದಳು, ಹಾಡುತ್ತಿದ್ದವಳು ನಾನು. ಹೆಂಗಸರು, "ಎಂಥ ಕಂಠ" ಅಂತ ಅವಳನ್ನೇ ಹೊಗಳಿದರು.

ಊಟಕ್ಕೆ ಕೂತಾಗ ಪಾಯಸ ಮೂಗಲ್ಲಿ ಬಂತು. ಕೆಮ್ಮೋಕೂ ಬಲವಿಲ್ಲ. ಕತ್ತು ಎಲೆ ಮೇಲೆ ಬಿತ್ತು. "ಲಕ್ವ, ಲಕ್ವ" ಅಂತ ಕೂಗಿಕೊಂಡು ಓಡಿ ಬಂದರು. ಅವಳ ಅಣ್ಣ ಎಣ್ಣೆ ಸೀಸೆ ತಂದು ಕೈಕಾಲು ತಿಕ್ಕೋಕೆ ಕೂತ. "ಅವಳಿಗೆ ಉಸಿರು ಸಾಲ್ದು ಕಣಯ್ಯ, ಕೈ ತಿಕ್ಕಿ ಏನ್ ಮಾಡ್ತೀಯ, ಗಾಡಿ ತಾ" ಅಂತ ನಾನು ಆ ಸೀಸೆ ಕಿತ್ತು ಎಸೆದೆ. ಮದುಮಕ್ಕಳಿಗೆ ಅಂತ ಹೂ ಕಟ್ಟಿದ್ದ ಕಾರಲ್ಲೇ ನೆಲಮಂಗಲ ದಾಟಿ ಬೆಂಗಳೂರಿಗೆ ಹೋದ್ವಿ. ದಾರಿಯುದ್ದಕ್ಕೂ ನನ್ನ ತೊಡೆ ಮೇಲೆ ತಲೆ. ಮಾತು ಇಲ್ಲ. ಕಣ್ಣಲ್ಲಿ ಮಾತ್ರ ಹೆದರಿಕೆ, ರೆಪ್ಪೆ ಎತ್ತಿ ನೋಡೋಕೂ ಆಗದ ಹೆದರಿಕೆ. ನಾನೇ ಬೆರಳಿಂದ ಎತ್ತಿ ಹಿಡಿದಿದ್ದೆ.

ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿ ಮಷೀನಿನಲ್ಲಿ ಉಸಿರಾಡಿಸಿದರು. ಆ ಡಾಕ್ಟ್ರಮ್ಮನೇ ಬಂದರು. ನಮ್ಮನ್ನೆಲ್ಲ ನೋಡಿ, "ಯಾರು ನಿಲ್ಲಿಸಿದ್ದು?" ಅಂದರು. ಅವಳ ಅಣ್ಣ ಲಕ್ವ ಅಂತ ಶುರು ಮಾಡಿದ.

"ಅವಳೇ," ನಾನು ಅಂದೆ.

ನಿಜವನ್ನೇ ಹೇಳಿದೆ. ಔಷಧಿ ಕೊಟ್ಟವನು ಯಾವನೋ, ಕರೆದುಕೊಂಡು ಹೋದವನು ಅಣ್ಣ, ಹೊಗಳಿದವರು ಊರವರು. ಆದರೆ ಬಿಟ್ಟವಳು ಅವಳು. ಹುಳಕ್ಕೆ ಸೊಪ್ಪು ತಪ್ಪಿಸದವಳು ತನಗೆ ಮಾತ್ರೆ ತಪ್ಪಿಸಿಕೊಂಡಳು. ಅವಳು ಸಿಕ್ಕರೆ ಈಗಲೂ ಬೈಯುತ್ತೀನಿ.

ಅಲ್ಲಿ ಒಂದಷ್ಟು ದಿನ ಎಳೆದಾಡಿದಳು. ಎದೆಗೆ ಸೋಂಕು ಇಳಿಯಿತು, ಹೋದಳು. ಊರಿಗೆ ತಂದು ಅವರ ಹೊಲದಲ್ಲೇ ಮಣ್ಣು ಮಾಡಿದ್ವಿ, ಹಿಪ್ಪುನೇರಳೆ ಸಾಲಿನ ಪಕ್ಕ. ಅಣ್ಣ ಬಂದವರಿಗೆಲ್ಲ, "ಲಕ್ವ ಈ ಸಲ ಜೋರಾಗಿ ಹೊಡೀತು" ಅಂತ ಹೇಳುತ್ತಿದ್ದ. ನಾನು ಅವನ ಪಕ್ಕದಲ್ಲೇ ನಿಂತು, "ಸುಳ್ಳು" ಅಂದೆ. ಜನ ನನ್ನನ್ನ ಪಕ್ಕಕ್ಕೆ ಕರೆದುಕೊಂಡು ಹೋದರು. ದುಃಖಕ್ಕೆ ತಲೆ ಕೆಟ್ಟೈತೆ ಅಂದುಕೊಂಡರು.

ಮನೆಯವರಿಗೆ ಸೂತಕ, ಹುಳದ ಮನೆಯೊಳಗೆ ಕಾಲಿಡೋ ಹಾಗಿಲ್ಲ. ಅವಳ ಸೊಸೆ ಹೊಸಿಲಾಚೆ ನಿಂತು, "ದೊಡ್ಡವ್ವ, ಹುಳ ಏನಾದವೋ, ಒಸಿ ನೀವೇ ನೋಡ್ಕಳಿ" ಅಂತ ಅತ್ತಳು.

ಮಾರನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಸೊಪ್ಪು ಕುಯ್ದು, ಹೊರೆ ಹೊತ್ತು ಹೋದೆ. ಬಾಗಿಲು ತೆಗೆದರೆ ಒಳಗೆ ಸದ್ದಿಲ್ಲ. ತಟ್ಟೆ ತುಂಬ ಹುಳ ತಲೆ ಎತ್ತಿಕೊಂಡು ಅಲುಗದೆ ಕೂತಿದ್ದವು. ಜ್ವರ. ಸೊಪ್ಪು ಹಾಕೋ ಹಾಗಿರಲಿಲ್ಲ. ಹೊರೆ ಇಳಿಸಿ, ಸೊಪ್ಪು ಬಾಡದಂಗೆ ಒದ್ದೆ ಗೋಣಿ ಹೊದಿಸಿದೆ. ಗೂಡಲ್ಲಿದ್ದ ನನ್ನ ಡಬ್ಬಿ ತೆಗೆದು, ತಂಬಿಗೆಯ ಹಳೇ ನೀರು ಚೆಲ್ಲಿ ಹೊಸ ನೀರು ತುಂಬಿಕೊಂಡು, ತಲೆ ಹಿಂದಕ್ಕೆ ಹಾಕಿ ಮಾತ್ರೆ ನುಂಗಿದೆ.